ಮೂರು ತೂತಿನ ಬಟ್ಟಲು

ಮೊನ್ನೆ ಮೊಮ್ಮಗಳ ದಾಖಲೆ ತರಲು ಹೈಸ್ಕೂಲಿಗೆ ಹೋಗಿದ್ದೆ. ಕಾರಕೂನನ ಮೇಜಿನ ಮೇಲೆ ಒಂದು ಕಟ್ಟಿಗೆಯ ಬಟ್ಟಲಿತ್ತು. ತಳದಲ್ಲಿ ಮೂರು ತೂತು, ಒಂದೊಂದು ತೂತಿನಲ್ಲಿ ಒಂದೊಂದು ಪೆನ್ನು. ಅಂಚಿನಲ್ಲಿ ಅರಿಷಿಣದ ಕಲೆ ಇನ್ನೂ ಇತ್ತು. ದಾಖಲೆಯ ಮಾತು ಮರೆತು ಅದನ್ನೇ ನೋಡುತ್ತ ನಿಂತೆ...

ಅದು ಕೂರಿಗೆ ಬಟ್ಟಲು. ಈಗಿನವರಿಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ಬಿತ್ತುವಾಗ ಎತ್ತುಗಳು ಕೂರಿಗೆ ಎಳೆಯುತ್ತವೆ. ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಆ ಬಟ್ಟಲಿಗೆ ಬೀಜ ಬಿಡುತ್ತಾಳೆ. ಬೀಜ ಮೂರು ತೂತಿನಿಂದ ಮೂರು ಬಿದಿರಿನ ಕೊಳವೆಗೆ ಇಳಿದು ಮೂರು ಸಾಲಿಗೆ ಬೀಳುತ್ತದೆ. ಕೈ ಅವಸರ ಮಾಡಿದರೆ ಪೈರು ಒತ್ತಾಗುತ್ತದೆ, ಕೈ ನಿಂತರೆ ಸಾಲು ಬರಿದು. ಮದುವೆಯಾಗಿ ಬಂದ ವರ್ಷದಿಂದ ನಾನು ಬೀಜ ಬಿಟ್ಟವಳು. ಆದರೆ ಮೊನ್ನೆ ನನಗೆ ನೆನಪಾದದ್ದು ಹೊಲವಲ್ಲ, ಮಾಸ್ತರರು.

ಅವರು ಅದೇ ಸಾಲಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಿಪ್ಪಾಣಿಯ ಅರಿವೆ ಅಂಗಡಿಯ ಮನೆತನ. ಎಂಬತ್ತರ ದಶಕದ ಕೊನೆಯಲ್ಲಿ, ಚಿಕ್ಕೋಡಿ, ರಾಯಬಾಗದ ಹಳ್ಳಿಗಳನ್ನೆಲ್ಲ ಸೈಕಲ್ ಮೇಲೆ ತಿರುಗಿ ಹಳೆಯ ಸಾಮಾನು ಕೂಡಿಹಾಕಿದರು. ಸಾಲಿಯ ಹಿಂದಿನ ಖೋಲಿಯಲ್ಲಿ ಅವನ್ನೆಲ್ಲ ಇಟ್ಟು, ಒಂದೊಂದರ ಕೆಳಗೂ ಚೀಟಿ ಬರೆದು ಹಚ್ಚಿದರು. ಅವರು ಅದಕ್ಕೆ ವಸ್ತುಸಂಗ್ರಹಾಲಯ ಎನ್ನುತ್ತಿದ್ದರು. ನನ್ನ ನಾಲಿಗೆ ಹೊರಳಲಿಲ್ಲ. ಊರಿಗೆಲ್ಲ ಅದು ಹಳೇ ಸಾಮಾನಿನ ಖೋಲಿ. ಗಂಡ ಸತ್ತು ಎರಡು ಮಕ್ಕಳಿದ್ದ ನನಗೆ ಅಲ್ಲಿ ಕಸ ಹೊಡೆಯುವ ಕೆಲಸ ಸಿಕ್ಕಿತು. ಬಂದವರಿಗೆ ‘ಮುಟ್ಟಬ್ಯಾಡ್ರಿ’ ಎನ್ನುವುದೂ ನನ್ನದೇ ಕೆಲಸ.

ಒಂದು ವರ್ಷ ಸಂಸ್ಥೆಯ ಚೇರಮನ್ನರು ಮಾಸ್ತರರನ್ನು ಕರೆದು ಹೇಳಿದರು: ಮಂದಿ ಬರುತ್ತಾರೆ ಖರೆ, ಬಂದು ಏನಾದರೂ ಕಲಿಯುತ್ತಾರೋ? ದೀಪಾವಳಿಯೊಳಗೆ ತೋರಿಸಿ. ಇಲ್ಲವಾದರೆ ಖೋಲಿ ಟೈಪಿಂಗ್ ಕ್ಲಾಸಿಗೆ ಬೇಕು.

ಮಾಸ್ತರರು ಎರಡು ದಿನ ಖೋಲಿಯ ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತರು. ಅವರನ್ನು ಕಂಡ ಕೂಡಲೇ ಮಂದಿ ಚಪ್ಪಲಿ ಬಿಟ್ಟು, ಕೈ ಕಟ್ಟಿ, ಸಾಲಾಗಿ ಹಾಯ್ದು ಹೋದರು. ಮೂರನೆಯ ದಿನ ನನ್ನನ್ನು ಕರೆದರು.

“ಬಾಯಿ, ನಾ ಇದ್ರ ಮಂದಿ ಪರೀಕ್ಷಾಕ್ಕ ಬಂದಾಂಗ ಮಾಡ್ತಾರ. ನಿನಗ ಯಾರೂ ಅಂಜೂದಿಲ್ಲ. ಯಾವುದರ ಮುಂದ ಎಷ್ಟ ಮಂದಿ ನಿಂದರ್ತಾರ, ನೀ ನೋಡು.”

“ನನಗ ಬರ್ಯಾಕ ಬರೂದಿಲ್ರಿ, ಮಾಸ್ತರ.”

“ಬರೀಬ್ಯಾಡ. ಕಾಳ ಹಾಕು.”

ಪ್ರತಿ ಸಾಮಾನಿನ ಹಿಂದೆ ಒಂದು ಮಣ್ಣಿನ ಪಣತಿ ಇಟ್ಟರು. ನನ್ನ ಉಡಿಯಲ್ಲಿ ಜೋಳ. ಹಾಯ್ದು ಹೋದವರಿಗೆ ಇಲ್ಲ, ಕಾಲು ನಿಂತವರಿಗೆ ಒಂದೊಂದು ಕಾಳು.

ಅವರಿಗೆ ಭಾಳ ಪ್ರೀತಿಯದು ಒಂದು ಶಾಸನದ ಕಲ್ಲು. ತಿಂಗಳು ಕಳೆದು ಅದರ ಪಣತಿ ಸುರಿದರೆ ಏಳು ಕಾಳು.

“ಅದರಾಗ ಎರಡು, ಕಾಲಿನ ಮುಳ್ಳ ತಗ್ಯಾಕ ಕಲ್ಲ ಹಿಡದು ನಿಂತವರದ್ರಿ” ಎಂದೆ.

“ಅವನ್ನ ಲೆಕ್ಕಕ್ಕ ಹಿಡೀಬ್ಯಾಡ.”

“ನಿಂತಾರಲ್ರಿ ಮತ್ತ?”

ಅವರು ನಗಲಿಲ್ಲ. ಆದರೆ ಈ ಮೂರು ತೂತಿನ ಬಟ್ಟಲಿನ ಹಿಂದಿದ್ದ ಪಣತಿ ತುಂಬಿ ನೆಲಕ್ಕೂ ಉದುರಿತ್ತು. ಅದನ್ನು ಕಂಡು ಅವರ ಮುಖ ಅರಳಿತು. ಇದೊಂದು ಸಾಕು ಬಾಯಿ, ಚೇರಮನ್ನರಿಗೆ ಇದನ್ನೇ ತೋರಿಸುತ್ತೇನೆ ಎಂದರು.

ಅವರ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಬಟ್ಟಲಿನ ಮುಂದೆ ಮಂದಿ ಎರಡು ತರಹ ನಿಲ್ಲುತ್ತಿದ್ದರು. ಓದು ಬಲ್ಲವರು ಚೀಟಿ ಓದಿ ಕೈ ಮುಗಿಯುತ್ತಿದ್ದರು. ಮಂಗಸೂಳಿ ಮಲ್ಲಯ್ಯನಿಗೆ ಹೋಗಿ ಬಂದವರು ಅದಕ್ಕೂ ಒಂದು ಚಿಟಿಕೆ ಅರಿಷಿಣದ ಭಂಡಾರ ಹಾರಿಸುತ್ತಿದ್ದರು. ಓದು ಬಾರದ ಹೆಂಗಸರು ಕೈ ಮುಗಿಯುತ್ತಿರಲಿಲ್ಲ. ಬಟ್ಟಲಿನ ಮೇಲೆ ಖಾಲಿ ಮುಷ್ಟಿ ಹಿಡಿದು ಹೆಬ್ಬೆರಳು ಆಡಿಸಿ ನಗುತ್ತಿದ್ದರು.

ಒಂದು ದಿನ ಕಬ್ಬೂರ ಕಡೆಯ ಇಬ್ಬರು ಹೆಂಗಸರು ಬಂದಿದ್ದಾಗ ಕನ್ನಡ ಸಾಲಿಯ ಹುಡುಗಿಯೊಬ್ಬಳು ಚೀಟಿಯನ್ನು ಗಟ್ಟಿಯಾಗಿ ಓದಿದಳು: “ಪುರಾತನ ಅಭಿಷೇಕದ ಬಟ್ಟಲು.”

“ಅಯ್ಯ, ನಮ್ಮತ್ತಿ ಬಟ್ಟಲಾ ಇಲ್ಲಿ ದೇವರಾಗಿ ಕುಂತೈತಲ್ಲ ಬೇ!”

“ಹಂಗಾರ ಅತ್ತೀನೂ ತಂದು ಕುಂದರಸು!”

ನನಗೂ ನಗು ಬಂತು, ಮರುಗಳಿಗೆ ಮಾಸ್ತರರಿಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡಿದೆ. ಬಿತ್ತುವ ಮೊದಲು ಕುಂಕುಮ ಹಚ್ಚಿ ಪೂಜೆ ಮಾಡಿದ ಕೂರಿಗೆ ಬಟ್ಟಲನ್ನು ನಮ್ಮಲ್ಲಿ ಒಲೆಗೆ ಹಾಕುವುದಿಲ್ಲ. ಹಳೆಯದಾದರೆ ಗುಡಿಯಲ್ಲಿಟ್ಟು ಬರುತ್ತೇವೆ. ಮಾಸ್ತರರಿಗೆ ಇದು ಸಿಕ್ಕಿದ್ದು ಹಾಳು ಗುಡಿಯೊಂದರಲ್ಲಿ. ಕುಂಕುಮ ಇತ್ತು, ತಳದಲ್ಲಿ ತೂತಿತ್ತು, ನೀರು ಹನಿಯಲೆಂದು ಮಾಡಿದ್ದು ಎಂದುಕೊಂಡರು. ಅಂಗಡಿ ಮನೆತನದವರು, ಬಿತ್ತಿದವರಲ್ಲ.

ಹೇಳಬೇಕಿತ್ತು. ಹೇಳಲಿಲ್ಲ. ಖೋಲಿ ಉಳಿಸುವುದು ಆ ಪಣತಿಯೊಂದೇ, ಮತ್ತು ಖೋಲಿ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ಇದರಲ್ಲಿ ಮುಚ್ಚಿಡುವುದೇನಿದೆ?

ದೀಪಾವಳಿಗೆ ಮೊದಲು ಚೇರಮನ್ನರು ಜೀಪಿನಲ್ಲಿ ಬಂದರು. ಕಣ್ಣು ತೋರಿಸಲು ಚಿಕ್ಕೋಡಿಗೆ ಹೊರಟಿದ್ದ ಅವರ ತಾಯಿಯೂ ಜೊತೆಗಿದ್ದರು. ಮಾಸ್ತರರು ತುಂಬಿದ ಪಣತಿ ಹಿಡಿದು, ಜನ ಇಲ್ಲೇ ಎಷ್ಟು ನಿಲ್ಲುತ್ತಾರೆ ನೋಡಿ, ಎಂದು ವಿವರಿಸಿದರು. ಆಯಿಗೆ ಕಣ್ಣಿನಲ್ಲಿ ಪೊರೆ. ಅವರು ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ತಡವಿದರು. ‘ಮುಟ್ಟಬ್ಯಾಡ್ರಿ’ ಎನ್ನಬೇಕಾದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರ ಬೆರಳು ಕೆಳಗಿನ ತೂತಿಗೆ ಹೋಯಿತು.

“ಇದು ಕೂರಿಗಿ ಬಟ್ಟಲಾ ಅಲ್ಲೇನೋ?”

“ಆಯಿ, ಅಭಿಷೇಕದ್ದಂತ ಬರದಾರ” ಎಂದರು ಚೇರಮನ್ನರು.

“ಬರದಾಂವನ ಕೈಯಾಗ ಬೀಜ ಕೊಡು, ನೋಡೂಣು.”

ಮಾಸ್ತರರು ಪಣತಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಬಾಯಿ, ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಮತ್ಯಾಕ ಹೇಳಲಿಲ್ಲ?”

“ಎಷ್ಟ ಮಂದಿ ನಿಂತ್ರು ಅಂತ ಕೇಳಿದ್ರಿ. ಯಾಕ ನಿಂತ್ರು ಅಂತ ಕೇಳಲಿಲ್ರಿ.”

ಸೊಕ್ಕಿನ ಮಾತು. ಅಂಜಿಕೆಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ಕೆಲಸ ಹೋಯಿತು ಎಂದೇ ತಿಳಿದೆ. ಮಾಸ್ತರರು ಪಣತಿಯನ್ನು ನೋಡಿದರು. ಆಮೇಲೆ ಅದರ ಜೋಳವನ್ನೆಲ್ಲ ಆಯಿಯ ಕೈಗೆ ಸುರಿದರು.

“ಆಯಿ, ಹೆಂಗ ಬಿಡೂದು? ನನಗ ತೋರಸ್ರಿ.”

ಅವರು ಬಟ್ಟಲು ಎತ್ತಿ ಹಿಡಿದರು, ಆಯಿ ಮುಷ್ಟಿ ಸಡಿಲಿಸಿದರು. ಕಾಣದ ಕಣ್ಣಿನ ಮುದುಕಿಯ ಕೈಯಿಂದ ಕಾಳು ಮೂರು ತೂತಿಗೂ ಸರಿಯಾಗಿ ಇಳಿದು ಫರಸಿ ಕಲ್ಲಿನ ನೆಲದ ಮೇಲೆ ಚಟಪಟ ಬಿತ್ತು. ಮಾಸ್ತರರೂ ಬಿಟ್ಟು ನೋಡಿದರು. ಎಲ್ಲ ಒಂದೇ ತೂತಿನಲ್ಲಿ ಗುಂಪಾಗಿ ಬಿತ್ತು.

“ಒಂದ ಹೊಲದ ಬೀಜ ಒಂದ ಗೇಣಿನಾಗ ಬಿತ್ತೀರಿ, ಮಾಸ್ತರ!” ಎಂದರು ಆಯಿ. ಚೇರಮನ್ನರು ನಕ್ಕರು. “ನಗತಿ ಏನು? ನೀ ಬಾ” ಎಂದು ಮಗನ ಕೈಗೂ ಕಾಳು ಹಾಕಿದರು. ಹತ್ತೆಕರೆ ಕಬ್ಬಿನ ಧಣಿಗೂ ಬರಲಿಲ್ಲ.

ಅವತ್ತು ಟೈಪಿಂಗ್ ಕ್ಲಾಸಿನ ಮಾತು ಯಾರೂ ಎತ್ತಲಿಲ್ಲ. ಜೀಪು ಹೋದ ಮೇಲೆ ನೆಲದ ಜೋಳ ಗುಡಿಸುತ್ತ, “ಲೆಕ್ಕಾ ಎಲ್ಲಾ ಚೆಲ್ಲಿ ಹೋತ್ರಿ” ಎಂದೆ. “ಹೋಗ್ಲಿ” ಎಂದರು. ನನ್ನ ಮೇಲೆ ಸಿಟ್ಟಿತ್ತು. ತಿಂಗಳುಗಟ್ಟಲೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಆದರೆ ಚೀಟಿಗಳನ್ನೆಲ್ಲ ಕಿತ್ತರು. ಆಮೇಲೆ ಯಾವುದೇ ಸಾಮಾನು ಬಂದರೂ ಮೊದಲು ಬರಿದೇ ಇಟ್ಟು, ಮುದುಕ ಮುದುಕಿಯರು ಅದನ್ನು ಹೇಗೆ ಹಿಡಿಯುತ್ತಾರೆ, ಏನು ಮಾತಾಡುತ್ತಾರೆ ಎಂದು ನನ್ನನ್ನು ಕೇಳಿ ಕೇಳಿ ಬರೆದರು. ಬಾಗಿಲ ಮೇಲಿನ ಹಲಗೆಯ ‘ಮುಟ್ಟಬಾರದು’ ತೆಗೆದು ‘ಮುಟ್ಟಿ ನೋಡಿರಿ’ ಎಂದು ಬರೆದರು. ನಾನು ಓದಲು ಕಲಿತದ್ದು ಆ ಹಲಗೆಯಿಂದ. ಮುಂದಿನ ಅಕ್ಷರಗಳನ್ನೂ ಅವರೇ ಕಲಿಸಿದರು. ನನ್ನ ಒತ್ತಕ್ಷರ ಈಗಲೂ ತಪ್ಪುತ್ತವೆ.

ಏಳೆಂಟು ವರ್ಷ ಖೋಲಿ ನಡೆಯಿತು. ಮಾಸ್ತರರು ತೀರಿಕೊಂಡ ಮರುವರ್ಷ ಅದು ಟೈಪಿಂಗ್ ಕ್ಲಾಸೇ ಆಯಿತು. ಸಾಮಾನು ಎಲ್ಲೆಲ್ಲಿ ಹೋದವೋ ಗೊತ್ತಿಲ್ಲ. ನಾನೂ ಕೇಳಲು ಹೋಗಲಿಲ್ಲ...

ಮೊನ್ನೆ ಕಾರಕೂನ ಬರುವವರೆಗೆ ಆ ಮೂರು ಪೆನ್ನು ತೆಗೆದಿಟ್ಟು, ಬಟ್ಟಲಿನ ಮೇಲೆ ಮುಷ್ಟಿ ಹಿಡಿದೆ. ಕೈಗೆ ಮರೆತಿಲ್ಲ.

“ಅಜ್ಜಿ, ಅದರಾಗ ಏನ ಹಾಕಾಕತ್ತೀರಿ?” ಎಂದ ಕಾರಕೂನ.

“ಏನಿಲ್ಲಪಾ. ನಿಂತೀನಿ.”

ಅವನು ದಾಖಲೆ ಕೊಟ್ಟು, ಪೆನ್ನುಗಳನ್ನು ಮತ್ತೆ ತೂತಿಗೆ ಸಿಗಿಸಿದ. ನಾನು ಅಷ್ಟು ಹೊತ್ತು ನಿಂತದ್ದಕ್ಕೆ ಪಣತಿಗೆ ಒಂದು ಕಾಳು ಹಾಕುವವರು ಅಲ್ಲಿ ಯಾರೂ ಇರಲಿಲ್ಲ.