ಮೋಟಾರು ಮನೆಯಲ್ಲಿ ತಾಳೆಗರಿ ಕಟ್ಟು

೧೯೮೨ರ ಫೆಬ್ರವರಿ ೧೪, ಭಾನುವಾರ. ಆಧಾರ: ನನ್ನ ಕ್ಷೇತ್ರಕಾರ್ಯದ ದಿನಚರಿ, ವಾರವನ್ನು ಆ ವರ್ಷದ ಪಂಚಾಂಗದಲ್ಲಿ ಖಚಿತಪಡಿಸಿಕೊಂಡಿದ್ದೇನೆ. ಆ ಪುಟವನ್ನು ತೆರೆದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ.

ಮಣ್ಣಗುಡ್ಡದಲ್ಲಿ ಹೋಟೆಲು ನಡೆಸುತ್ತಿದ್ದ ಅಕ್ಕನ ಗಂಡ, ನನ್ನ ಭಾವ, ಸೇನೆಯವರು ಹರಾಜು ಹಾಕಿದ, ನಾಲ್ಕೂ ಚಕ್ರ ಎಳೆಯುವ ಗಾಡಿಯೊಂದನ್ನು ಕೊಂಡು, ಬಸ್ಸಿಗೆ ಬಾಡಿ ಕಟ್ಟುವವರಿಂದ ಅದರ ಮೇಲೊಂದು ಮನೆ ಕಟ್ಟಿಸಿದ್ದರು. ಎರಡು ಮಂಚ, ಸೀಮೆಎಣ್ಣೆಯ ಒಲೆ, ಪರದೆಯ ಹಿಂದೆ ಶೌಚದ ಬಕೆಟ್ಟು. ಅದರ ಮುಚ್ಚಳವನ್ನು ಊರಲ್ಲೇ ಮರೆತಿದ್ದರು.

ನನಗೆ ಘಟ್ಟದ ಬುಡದ ಹಳ್ಳಿಯೊಂದಕ್ಕೆ ಹೋಗಬೇಕಿತ್ತು. ದೇರೆಬೈಲಿನ ಅರ್ಚಕರೊಬ್ಬರು, ತಮ್ಮ ಮನೆಯ ದೇವರ ಕೋಣೆಯಲ್ಲಿ ಪೂಜೆಗೊಳ್ಳುತ್ತಿದ್ದ ತಾಳೆಗರಿ ಕಟ್ಟನ್ನು ನನಗೆ ಓದಲು ಕೊಟ್ಟಿದ್ದರು. ನನ್ನ ಸಂಶೋಧನಾ ಕಚೇರಿಯಿಂದ ಹೊರಗೆ ಒಯ್ಯುವುದಿಲ್ಲ, ಮೀನು ಬೇಯುವಲ್ಲಿ ಇಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆದರೆ ಅದರಲ್ಲಿ ಹೇಳಿದ ಗಡಿಕಲ್ಲುಗಳನ್ನು ಸ್ಥಳದಲ್ಲೇ ಗುರುತಿಸುವ ಆಸೆ ಆ ಮಾತನ್ನು ಮೀರಿತು.

"ಗಾಡಿಯಲ್ಲಿ ಮೀನಿಲ್ಲ ಅಲ್ವಾ ಭಾವ?"

"ಮೀನಿಲ್ಲದ ಮನೆ ಉಂಟಾ ಮಾರಾಯ? ನಿನ್ನೆಯ ಬಂಗುಡೆ ಗಸಿ. ಇವತ್ತಿಗೇ ಅದಕ್ಕೆ ರುಚಿ ಬರುವುದು."

ಆ ಗಟ್ಟಿ ಮೀನುಸಾರಿನ ಮಣ್ಣಿನ ಪಾತ್ರೆಯನ್ನು, ಅಡುಗೆಕೋಣೆಯಲ್ಲಿ ಮಾಡುವಂತೆಯೇ, ಹಗ್ಗದ ನೆಲುವಿನಲ್ಲಿ ತೂಗುಹಾಕಿದ್ದರು. ಬೆಕ್ಕಿಗೆ ಸಿಗಬಾರದೆಂಬ ನಮ್ಮ ಮನೆಗಳ ಜಾಣತನವದು. ಗಾಡಿಯಲ್ಲಿ ಬೆಕ್ಕಿರಲಿಲ್ಲ, ಕೆಳಗೆ ರಸ್ತೆಯಿತ್ತು. ನಾನು ಇಳಿದುಬಿಡಬಹುದಿತ್ತು. ಕಟ್ಟನ್ನು ಹಿಂದಿನ ಮಂಚದ ಮೇಲಿಟ್ಟು ಮುಂದೆ ಹೋಗಿ ಕುಳಿತೆ.

ಡಾಂಬರು ಮುಗಿದ ಮೇಲೆ ಸಿಕ್ಕಿದ್ದು ಮಳೆನೀರು ಕೊರೆದ ಕೆಂಪು ಮುರಕಲ್ಲಿನ ಕೊರಕಲು. "ನೋಡು, ಆನೆ ಹತ್ತಿದ ಹಾಗೆ ಹತ್ತುತ್ತದೆ!" ಎಂದು ಭಾವ ಹಿಗ್ಗುತ್ತಿದ್ದಾಗಲೇ ಹಿಂದೆ ಏನೋ ಒಡೆದ ಸದ್ದಾಯಿತು.

ಬಕೆಟ್ಟು ಮಗುಚಿ ನೆಲವೆಲ್ಲ ಒದ್ದೆಯಾಗಿತ್ತು. ಮಂಚದ ಮೇಲೆ ಪಾತ್ರೆಯ ಚೂರುಗಳು. ಕೆಂಪು ಗಸಿ ಕಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ದಾಟಿ ಗರಿಗಳ ನಡುವೆ ಇಳಿದಿತ್ತು. ಭಾವ ಹಾಸಿಗೆಯ ಮೇಲಿದ್ದ ಬಂಗುಡೆಯೊಂದನ್ನು ಎತ್ತಿ, ಊದಿ, ಬಾಯಿಗಿಟ್ಟರು.

"ಬಂಗುಡೆಗೆ ಎಂತ ಆಗ್ಲಿಲ್ಲ. ನೀನು ಭಟ್ರಿಗೆ ಹೇಳ್ಬೇಡ, ಮುಗೀತಲ್ಲ."

ನಾನು ದಾರಿಬದಿಗೆ ಹೋಗಿ ವಾಂತಿ ಮಾಡಿದೆ.

ಗಡಿಕಲ್ಲು ನೋಡಲಿಲ್ಲ. ನೀರು ಹರಿಯುವ ತೋಡಿನ ಬದಿಯಲ್ಲಿ ಕುಳಿತು ಒಂದೊಂದೇ ಗರಿಯನ್ನು ಒರೆಸಿದೆ. ಊರಿಗೆ ಬಂದು ಎಣ್ಣೆ ಸವರಿ, ಹೊಸ ಬಟ್ಟೆ ಸುತ್ತಿ, ಮುಂದಿನ ಭಾನುವಾರ ಮರಳಿಸಿದೆ. "ಜೋಪಾನವಾಗಿ ನೋಡಿಕೊಂಡೆ" ಎಂದೆ. ಭಾವನನ್ನು ಕಂಡು ಪಟ್ಟ ಅಸಹ್ಯ ವರ್ಷದೊಳಗೆ ಇಳಿಯಿತು. ನನ್ನ ಈ ಸುಳ್ಳು ಮಾತಿನದು ಇಳಿಯಲಿಲ್ಲ.

"ಎಂತ ಅವಸರ ಇತ್ತು ನಿಮಗೆ? ಮಳೆಗಾಲದ ಮುಂಚೆ ಕೊಟ್ಟಿದ್ರೆ ಸಾಕಿತ್ತು" ಎಂದರು ಅರ್ಚಕರು. ಕಟ್ಟನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಗೆ ಒಯ್ದರು. ಆ ದೃಶ್ಯ ನನಗೆ ಸ್ಪಷ್ಟವಾಗಿ ನೆನಪಿದೆ; ಅವರಿಗೆ ತಿಳಿಯಲಿಲ್ಲ ಎಂಬ ಸಮಾಧಾನಕ್ಕೆ ನನಗಿದ್ದ ಆಧಾರವೂ ಅದೊಂದೇ.

ಅರ್ಚಕರು ತೀರಿಕೊಂಡ ಮೇಲೆ ಅವರ ಮಗಳು ಮನೆಯ ಕಾಗದಪತ್ರಗಳನ್ನು ವಿಂಗಡಿಸಲು ನನ್ನನ್ನೇ ಕರೆದರು. ಅರ್ಚಕರ ನಿತ್ಯದ ಪುಸ್ತಕದಲ್ಲಿ ೧೯೮೨ರ ಫೆಬ್ರವರಿ ೨೧ರ ಕೆಳಗೆ ಹೀಗಿದೆ: "ಕಟ್ಟು ಬಂತು. ಮೀನಿನ ನಾತ. ಒಳಗೆ ಒಯ್ಯಲಿಲ್ಲ. ಸಂಜೆ ಹೊಳೆಗೆ ಬಿಟ್ಟೆ." ದಿನಾಂಕ ನನ್ನ ದಿನಚರಿಯೊಡನೆ ಹೊಂದುತ್ತದೆ. ನೆನಪು ಹೊಂದುವುದಿಲ್ಲ.