ಬೀಗ ಹಾಕಿದ ಶೌಚಾಲಯಕ್ಕೆ ಹತ್ತಕ್ಕೆ ಹತ್ತು

ನಮ್ಮ ಖಾಸಗಿ ಪ್ರಾಥಮಿಕ ಶಾಲೆಯ ಆಯಮ್ಮನ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿದೆ. ಅದರ ತುಂಬ ಪುಟ್ಟ ಪುಟ್ಟ ಚಡ್ಡಿಗಳು, ಆಕೆಯ ಮೊಮ್ಮಕ್ಕಳು ಹಾಕಿ ಬಿಟ್ಟವು. ನೂರಿಪ್ಪತ್ತು ಮಕ್ಕಳಿಗೆ ಚಿಲಕವಿಲ್ಲದ ಒಂದೇ ಹಳೆಯ ಶೌಚಾಲಯವಿದ್ದರೆ ಒಂದನೇ ಕ್ಲಾಸಿನವರು ಇನ್ನೇನು ಮಾಡಿಯಾರು? ಒದ್ದೆ ಮಾಡಿಕೊಂಡವರನ್ನು ಹದಿನೆಂಟು ವರ್ಷದಿಂದ ಆಕೆ ತೊಳೆದು, ಚಡ್ಡಿ ಬದಲಿಸಿ, "ಏನೂ ಆಗಿಲ್ಲ ಕಂದಾ" ಎಂದು ಕ್ಲಾಸಿಗೆ ಬಿಡುತ್ತಾ ಬಂದಿದ್ದಾರೆ. ಎರಡನೇ ಕ್ಲಾಸಿನ ಮೇಷ್ಟ್ರಾದ ನಾನು ಆಗ ಶುಚಿತ್ವದ ಪಾಠ ಮಾಡುತ್ತಿರುತ್ತೇನೆ.

ಈ ವರ್ಷ ಹೆಡ್‌ಮಾಸ್ಟರಿಗೆ ಮಾನ್ಯತೆಯ ಹುಚ್ಚು ಹಿಡಿಯಿತು. ಪಕ್ಕದ ರಸ್ತೆಯ ಶಾಲೆಗೆ ಗುಣಮಟ್ಟದ ಪ್ರಮಾಣಪತ್ರ ಸಿಕ್ಕಿತ್ತು, ಅದೇ ಹೊಟ್ಟೆಯುರಿ. ಅರ್ಜಿಯಲ್ಲಿ ಕೇಳಿದ್ದಾರೆಂದು ಹೊಸ ಶೌಚಾಲಯ ಎದ್ದಿತು. ಬಿಳಿ ಟೈಲ್ಸು, ಹೊಳೆಯುವ ನಲ್ಲಿ. ನಲ್ಲಿಗೆ ಪೈಪು ಮಾತ್ರ ಜೋಡಿಸಲಿಲ್ಲ. ಅದನ್ನು ಅರ್ಜಿಯಲ್ಲಿ ಕೇಳಿರಲಿಲ್ಲ. ಬೀಗ ಜಡಿದು ಬೀಗದಕೈಯನ್ನು ಆಯಮ್ಮನ ಕೈಗಿತ್ತರು.

"ಕಮಿಟಿಯವರು ಬಂದು ಹೋಗೋವರೆಗೂ ಯಾರೂ ಕಾಲಿಡಬಾರದು."

"ಒಂದನೇ ಕ್ಲಾಸಿನ ಪುಟ್ಟಿ ಹೆದರಿಕೊಂಡು ದಿನವೆಲ್ಲ ನೀರೇ ಕುಡಿಯಲ್ಲ ಸಾರ್. ಹೋದ ವಾರ ಜ್ವರಾನೂ ಬಂತು. ಅವಳಿಗಾದ್ರೂ ತೆಗೀಲಾ?"

"ಒಂದು ಕಲೆ ಕಂಡ್ರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಕಮಿಟಿಯವರು ಮೂವರು ಬಂದರು. ಬೀಗ ತೆಗೆಸಿ, ಹೊರಗೇ ನಿಂತು ಇಣುಕಿದರು. ನಲ್ಲಿ ತಿರುಗಿಸುವ ಗೋಜಿಗೆ ಹೋಗಲಿಲ್ಲ. ಆಯಮ್ಮ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರ್ ಕೆಮ್ಮಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಸ್ವಚ್ಛತೆಗೆ ಹತ್ತಕ್ಕೆ ಹತ್ತು ಬಿತ್ತು. ಯಾರೂ ಹೋಗದ ಶೌಚಾಲಯ ಸ್ವಚ್ಛವಾಗಿರದೆ ಇನ್ನೇನು!

ತಿಂಗಳೊಳಗೆ ಪ್ರಮಾಣಪತ್ರ ಬಂತು, ಕಟ್ಟು ಹಾಕಿಸಿಕೊಂಡು ಗೋಡೆಯೇರಿತು. ಶೌಚಾಲಯದ ಬೀಗ ಮಾತ್ರ ಹಾಗೇ ಇತ್ತು. ಓದಿ ಹೇಳಿ ಎಂದು ಆಯಮ್ಮ ನನ್ನನ್ನು ಕೇಳಿದರು. "ಮಕ್ಕಳ ಬಳಕೆಗೆ ಸುಸಜ್ಜಿತ ಶೌಚಾಲಯವಿದೆ" ಎಂಬ ಸಾಲನ್ನು ಎರಡು ಸಲ ಓದಿಸಿದರು.

ಮರುದಿನ ಬೆಳಗ್ಗೆ, ಅಪ್ಪ ಅಮ್ಮಂದಿರು ಮಕ್ಕಳನ್ನು ಬಿಡಲು ಬರುವ ಹೊತ್ತಿಗೆ ಸರಿಯಾಗಿ, ಆಕೆ ಬೀಗ ತೆಗೆದರು. ಒಂದು ಬಕೆಟ್ ನೀರಿಟ್ಟು ಪುಟ್ಟಿಯನ್ನು ಒಳಗೆ ಕಳಿಸಿ ಬಾಗಿಲಿಗೆ ಅಡ್ಡ ನಿಂತರು. ಹೆಡ್‌ಮಾಸ್ಟರ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಯಾರು ಹೇಳಿದ್ದು ತೆಗಿ ಅಂತ?"

"ನಿಮ್ಮ ಸರ್ಟಿಫಿಕೇಟೇ ಹೇಳುತ್ತಲ್ಲ ಸಾರ್, ಮಕ್ಕಳಿಗೆ ಅಂತ. ಅದು ಸುಳ್ಳು ಅಂತ ಇವರೆಲ್ಲರ ಮುಂದೆ ಹೇಳಿಬಿಡಿ, ಈಗ್ಲೇ ಬೀಗ ಹಾಕ್ತೀನಿ."

ಗೇಟಿನ ಬಳಿ ಇದ್ದವರೆಲ್ಲ ಇತ್ತ ತಿರುಗಿದರು. ಹೆಡ್‌ಮಾಸ್ಟರ್ ಕೆಮ್ಮಿದರು. ಈ ಸಲ ಕೆಮ್ಮು ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಒಳಗಿನಿಂದ ಪುಟ್ಟಿ ಗಂಟಲು ಹರಿಯುವಂತೆ ಕೂಗಿದಳು:

"ಆಯಮ್ಮಾ, ಹೊಸ ನಲ್ಲೀಲಿ ನೀರೇ ಬರ್ತಿಲ್ಲ!"

ಮಧ್ಯಾಹ್ನದೊಳಗೆ ಪ್ಲಂಬರ್ ಬಂದಿದ್ದ.