ಫುಮಿನೊಳ ಏಳು ಸೆಕೆಂಡು

ತೊಗಾಶಿ ಫುಮಿನೊಳ ಹೆಸರು ಬಂದಾಗಲೆಲ್ಲ ಪತ್ರಿಕೆಯವರು ಹತ್ತೊಂಬತ್ತು ನಿಮಿಷ ಹನ್ನೊಂದು ಸೆಕೆಂಡು ಎಂದು ಬರೆಯುತ್ತಾರೆ. ಹೈಸ್ಕೂಲಿನ ಹುಡುಗಿಯೊಬ್ಬಳು ಆರು ಕಿಲೋಮೀಟರನ್ನು ನಮ್ಮ ಪ್ರಾಂತದಲ್ಲಿ ಅಷ್ಟು ಬೇಗ ಓಡಿದ್ದು ಅದೇ ಮೊದಲು, ಇವತ್ತಿನವರೆಗೆ ಅದೇ ಕೊನೆ. ಓದಿದವರು ಆಹಾ ಎನ್ನುತ್ತಾರೆ. ನನಗೆ ಮಾತ್ರ ಆ ಅಂಕಿ ಕಂಡರೆ ಮೈ ಉರಿಯುತ್ತದೆ. ನಾನು ಒಂದೇ ಒಂದು ಮಾತು ಆಡಿದ್ದರೆ ಆ ಹುಡುಗಿ ಹಾಗೆ ಜೀವ ಒತ್ತೆಯಿಟ್ಟು ಓಡುವ ಪ್ರಮೇಯವೇ ಇರಲಿಲ್ಲ.

ನಾನು ಸುಗಾಯೆ, ಓತೊಹಾಮ ಹೈಸ್ಕೂಲಿನ ಗಣಿತದ ಮೇಷ್ಟ್ರು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಆಸಾಮಿ. ವ್ಯಾಯಾಮದ ಮೇಷ್ಟ್ರಿಗೆ ವರ್ಗವಾದ ವರ್ಷ ಹೆಡ್‌ಮಾಸ್ಟರು ನನ್ನನ್ನು ಕರೆದು ಚಹಾ ಕೊಟ್ಟು, ಹುಡುಗಿಯರ ಓಟದ ತಂಡಕ್ಕೆ ಯಾರೂ ಇಲ್ಲದಂತಾಯಿತಲ್ಲ ಎಂದು ಕಿಟಕಿಯ ಕಡೆ ನೋಡುತ್ತಾ ನಿಟ್ಟುಸಿರು ಬಿಟ್ಟರು. ಮಾಡು ಎಂದು ಅವರು ಹೇಳಲಿಲ್ಲ, ಆಗುವುದಿಲ್ಲ ಎಂದು ನಾನೂ ಹೇಳಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ತಂಡ ನನ್ನ ಕೊರಳಿಗೆ ಬಿದ್ದಿತ್ತು. ನಮ್ಮಲ್ಲಿ ಎಲ್ಲವೂ ನಡೆಯುವುದು ಹೀಗೆಯೇ, ಕೆಡುವುದೂ ಹೀಗೆಯೇ.

ಫುಮಿನೊಳ ಮನೆ ಬಂದರಿನ ಆಚೆ, ಶಾಲೆಯಿಂದ ಏಳು ಕಿಲೋಮೀಟರ್ ದೂರದಲ್ಲಿತ್ತು. ತಾಯಿ ಬೊಂಡಾಸು ಮೀನು ಸೀಳಿ ಒಣಗಿಸುವ ಕೆಲಸದವಳು. ಬೆಳಗಿನ ಬಸ್ಸು ತೀರಾ ಬೇಗ ಬರುತ್ತಿತ್ತು, ಇವಳಿಗೋ ನಿದ್ದೆ ಪ್ರೀತಿ. ಹಾಗಾಗಿ ಚೀಲವನ್ನು ಮೀನಿನ ವ್ಯಾನಿಗೆ ಎಸೆದು ತಾನು ಹಿಂದಿನಿಂದ ಓಡಿ ಬರುತ್ತಿದ್ದಳು. ವ್ಯಾನು ದಾರಿಯಲ್ಲಿ ಮೂರು ಕಡೆ ಪೆಟ್ಟಿಗೆ ಇಳಿಸಿ ಶಾಲೆಯ ಗೇಟಿಗೆ ಬರುವ ಹೊತ್ತಿಗೆ ಇವಳು ಅಲ್ಲಿ ನಿಂತು ಆಕಳಿಸುತ್ತಿರುತ್ತಿದ್ದಳು. ಅವಳ ಗಣಿತದ ನೋಟ್‌ಬುಕ್ಕು ಯಾವಾಗಲೂ ಬೊಂಡಾಸಿನ ವಾಸನೆ ಹೊಡೆಯುತ್ತಿತ್ತು. ಒಳಗಿನ ಲೆಕ್ಕಗಳ ವಾಸನೆ ಅದಕ್ಕಿಂತ ಕಡೆ. ನೂರಕ್ಕೆ ಮೂವತ್ತು ಬಂದರೆ ನಾನು ಮನಸ್ಸಿನಲ್ಲೇ ಹರಕೆ ತೀರಿಸುತ್ತಿದ್ದೆ.

ಒಂಬತ್ತನೇ ತರಗತಿಯಲ್ಲೇ ಅವಳನ್ನು ಕರೆದುಕೊಂಡು ಹೋಗಲು ಸೇರ್ಯೋ ಶಾಲೆಯ ಕೋಚ್ ಕಬುರಾಗಿ ಬಂದಿದ್ದರಂತೆ. ಸೇರ್ಯೋ ಎಂದರೆ ನಮ್ಮ ಪ್ರಾಂತದ ಚಾಂಪಿಯನ್ನರು. ಹಾಸ್ಟೆಲ್ಲು, ಮಸಾಜಿಗೆ ಬೇರೆ ಆಳು, ಊಟಕ್ಕೆ ಬೇರೆ ಅಡುಗೆಯವರು. ಕಬುರಾಗಿ ಎರಡು ಸಲ ಸಿಹಿಯ ಡಬ್ಬಿ ಹಿಡಿದು ಬಂದರು. ತಾಯಿ ಎರಡು ಸಲವೂ ಅಷ್ಟೇ ತೂಕದ ಬೊಂಡಾಸು ಕಟ್ಟಿ ಕೊಟ್ಟು ಕಳಿಸಿದಳು. ಅಲ್ಲಿಗೆ, ನಿಮ್ಮ ಋಣ ಬೇಡ ಎನ್ನುವ ಉತ್ತರ ಅವರಿಗೆ ಸಿಕ್ಕಿತ್ತು.

ನಮ್ಮ ಓಟದ ಕಥೆ ಇಷ್ಟು. ಐದು ಹುಡುಗಿಯರು ಸೇರಿ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಕೋಲಿನ ಬದಲು ಒಬ್ಬರಿಂದ ಒಬ್ಬರಿಗೆ ದಾಟುವುದು ಒಂದು ಹೆಗಲಪಟ್ಟಿ. ನಮ್ಮದು ನೀಲಿ ಬಟ್ಟೆಯದು, ಹದಿನಾಲ್ಕು ವರ್ಷ ಹಳೆಯದು. ಆದರೆ ರಸ್ತೆಯನ್ನು ಎಷ್ಟು ಹೊತ್ತು ಮುಚ್ಚಿಡಲು ಪೊಲೀಸರು ಬಿಡುತ್ತಾರೆ? ಪಟ್ಟಿ ಬದಲಿಯಾಗುವ ಜಾಗವನ್ನು ಮೊದಲನೇ ತಂಡ ದಾಟಿ ಹತ್ತು ನಿಮಿಷ ಆದ ಕೂಡಲೇ ಪಿಸ್ತೂಲು ಹಾರಿಸಿ, ಇನ್ನೂ ಬಾರದ ತಂಡಗಳ ಮುಂದಿನ ಹುಡುಗಿಯರನ್ನು ಹೊರಡಿಸಿಬಿಡುತ್ತಾರೆ. ಅವರ ಹೆಗಲಿಗೆ ಕೆಂಪು ಬಿಳಿ ಪಟ್ಟೆಯ ಬಾಡಿಗೆ ಪಟ್ಟಿ. ಶಾಲೆಯ ಪಟ್ಟಿ ಹಿಂದಿನವಳ ಕೈಯಲ್ಲೇ ಉಳಿಯುತ್ತದೆ. ಓತೊಹಾಮದ ಪಟ್ಟಿ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಕೊನೆಯ ಗೆರೆ ಮುಟ್ಟಿರಲಿಲ್ಲ.

ಮೊದಲ ವರ್ಷ ಫುಮಿನೊ ಒಂದನೇ ಭಾಗ, ಅಂದರೆ ಆ ಆರು ಕಿಲೋಮೀಟರ್ ಓಡಿದಳು. ಹೊರಡುವಾಗ ತಳ್ಳಾಟದಲ್ಲಿ ಬಿದ್ದು ಎಲ್ಲರಿಗಿಂತ ಹಿಂದೆ ಉಳಿದಳು, ಎದ್ದು ಹದಿನೆಂಟು ಜನರನ್ನು ದಾಟಿ ಮೂರನೆಯವಳಾಗಿ ಬಂದಳು. ಎರಡನೇ ವರ್ಷ ಹತ್ತೊಂಬತ್ತು ಮೂವತ್ತೆಂಟು. ಹಳೆಯ ದಾಖಲೆ ಮುರಿಯಿತು, ಸೇರ್ಯೋದವಳು ನಲವತ್ತೊಂದು ಸೆಕೆಂಡು ಹಿಂದೆ. ಎರಡು ವರ್ಷವೂ ಉಳಿದ ಹುಡುಗಿಯರು ಅವಳು ಗಳಿಸಿದ್ದನ್ನೆಲ್ಲ ಕಳೆದರು. ಕೊನೆಯ ಬದಲಿಯಲ್ಲಿ ಪಿಸ್ತೂಲು ಹಾರಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಬುರಾಗಿ ನನ್ನ ಪಕ್ಕ ಬಂದು, ಬಹಳ ಮರ್ಯಾದೆಯಿಂದ, "ನಿಮ್ಮದು ಒಳ್ಳೇ ತಂಡ ಸುಗಾಯೆಯವರೇ. ಒಬ್ಬಳೇ ಇದಾಳೆ, ಅಷ್ಟೇ" ಎಂದರು. ನಾನು ಅದಕ್ಕೂ ತಲೆ ಬಾಗಿಸಿದೆ.

ಫುಮಿನೊಳಿಗೆ ದಾಖಲೆಯ ಪ್ರಮಾಣಪತ್ರ ಎಲ್ಲಿಟ್ಟಿದ್ದೇನೆ ಎನ್ನುವುದೂ ನೆನಪಿರುತ್ತಿರಲಿಲ್ಲ. ಅವಳ ಚಿಂತೆಯೆಲ್ಲ ಆ ನೀಲಿ ಪಟ್ಟಿಯದು. ಪ್ರತಿ ಓಟದ ನಂತರ ಮನೆಗೆ ಒಯ್ದು ಒಗೆದು, ತಾಯಿಯ ಬೊಂಡಾಸಿನ ಸಾಲಿನಲ್ಲೇ ಒಣಹಾಕುತ್ತಿದ್ದಳು. ಅದೂ ನೋಟ್‌ಬುಕ್ಕಿನ ವಾಸನೆಯೇ ಹೊಡೆಯತೊಡಗಿತು. ಮೂರನೇ ವರ್ಷದ ಮೊದಲ ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಈ ವರ್ಷ ಇದು ಮುಟ್ಟಬೇಕು. ನಾನು ಎಷ್ಟನೆಯವಳಾಗಿ ಬಂದ್ರೂ ಚಿಂತೆಯಿಲ್ಲ" ಎಂದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ ಸಲ.

ಮುಟ್ಟುವ ಹಾಗೂ ಇತ್ತು. ಬೇಸಿಗೆ ಪೂರ್ತಿ ಹುಡುಗಿಯರು ಬೆವರು ಸುರಿಸಿದ್ದರು. ನನಗೆ ಓಟ ಗೊತ್ತಿಲ್ಲದಿದ್ದರೂ ಕೂಡಿ ಕಳೆಯಲು ಗೊತ್ತು. ತಂಡದಲ್ಲಿದ್ದದ್ದು ಆರು ಜನ. ನಾಲ್ವರ ಜಾಗ ಗಟ್ಟಿ. ನಾಲ್ಕನೇ ಭಾಗಕ್ಕೆ, ಮೂರು ಕಿಲೋಮೀಟರಿಗೆ, ಇಬ್ಬರು ಇದ್ದರು. ಒಬ್ಬಳು ಮೊದಲನೇ ವರ್ಷದ ರಿಂಕಾ. ಇನ್ನೊಬ್ಬಳು ತಂಡದ ನಾಯಕಿ, ಮೂರನೇ ವರ್ಷದ ನಾನಾಯೊ. ರಿಂಕಾ ಇಪ್ಪತ್ತೈದು ಸೆಕೆಂಡು ಚುರುಕು. ಅವಳು ಓಡಿದರೆ ಪಟ್ಟಿ ಪಿಸ್ತೂಲಿಗಿಂತ ಹದಿನೈದು, ಇಪ್ಪತ್ತು ಸೆಕೆಂಡು ಮೊದಲೇ ತಲುಪುತ್ತದೆ. ನಾನಾಯೊ ಓಡಿದರೆ ಐದೋ ಹತ್ತೋ ಸೆಕೆಂಡು ತಡ. ಮೂರು ದಿನ ಹಾಕಿದರೂ ಲೆಕ್ಕ ಬದಲಾಗಲಿಲ್ಲ.

ಆದರೆ ನಾನಾಯೊ ಮೂರು ವರ್ಷದಲ್ಲಿ ಒಂದು ದಿನವೂ ಅಭ್ಯಾಸ ತಪ್ಪಿಸಿದವಳಲ್ಲ. ಅಜ್ಜನನ್ನು ದಹನ ಮಾಡಿದ ದಿನವೂ ಸಂಜೆ ಬಂದು ಎಲ್ಲರ ನೀರಿನ ಬಾಟಲಿ ತುಂಬಿದ್ದಳು. ಮೂರನೇ ವರ್ಷದವಳ ಕೊನೆಯ ಓಟ ಅವಳ ಹಕ್ಕು, ಅದನ್ನು ಚಿಕ್ಕವಳಿಗೆ ಕೊಡುವುದು ಎಂದರೆ ಊರೆಲ್ಲ ಮಾತಾಡುವ ವಿಷಯ. ಇಂಥ ಹೊತ್ತಿನಲ್ಲಿ ದೊಡ್ಡವಳೇ ಸಂದರ್ಭ ಅರಿತು, ನಾನು ಬಿಟ್ಟುಕೊಡುತ್ತೇನೆ ಎನ್ನುವುದು ನಮ್ಮಲ್ಲಿಯ ರೂಢಿ. ಅವಳು ಹೇಳುತ್ತಾಳೆ ಎಂದು ನಾನು ಕಾದೆ. ಸೋಮವಾರ ಕಾದೆ, ಮಂಗಳವಾರ ಕಾದೆ. ಅವಳೆದುರು ಬೇಕೆಂದೇ ಎರಡು ಸಲ ಕೆಮ್ಮಿದೆ.

ಬುಧವಾರ ತಂಡದ ಕೋಣೆಯಲ್ಲಿ ಹೆಸರು ಓದಬೇಕಿತ್ತು. ಒಲೆಯ ಮೇಲೆ ಕೆಟಲ್ಲು ಕುದಿಯುತ್ತಿತ್ತು. ನಾಲ್ಕನೇ ಭಾಗ ಎಂದು ಹೇಳಿ ನಿಲ್ಲಿಸಿದೆ. ನಾನಾಯೊ ತನ್ನ ಮಂಡಿ ನೋಡುತ್ತಿದ್ದಳು, ಒಂದು ಕೈ ಜೇಬಿನಲ್ಲಿತ್ತು. ರಿಂಕಾ ನೆಲ ನೋಡುತ್ತಿದ್ದಳು. ಫುಮಿನೊ ಮಾತ್ರ ನೇರವಾಗಿ ನನ್ನ ಮುಖ ನೋಡುತ್ತಿದ್ದಳು. ಮೂವತ್ತು ಅಂಕದ ಹುಡುಗಿಗೂ ಈ ಲೆಕ್ಕ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಟ್ಟಲಿ ಎಂದೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನಾನು ಕಾಗದದತ್ತ ನೋಡಿ, "ನಾನಾಯೊ" ಎಂದೆ.

ಎಲ್ಲರೂ ಹೋದ ಮೇಲೆ ಫುಮಿನೊ ಶೂಸಿನ ದಾರ ಕಟ್ಟುವ ನೆವದಲ್ಲಿ ಹಿಂದೆ ಉಳಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಕಾಗದ ಹರಿದು ಹಾಕುತ್ತಿದ್ದೆನೋ ಏನೋ. ಅವಳು, "ಸರಿ ಮೇಷ್ಟ್ರೇ. ಕಮ್ಮಿ ಬೀಳೋದನ್ನ ಮೊದಲನೇ ಭಾಗದಲ್ಲಿ ನಾನೇ ತುಂಬಿಸ್ತೀನಿ" ಎಂದು ಹೇಳಿ ಬಾಗಿ ನಮಸ್ಕರಿಸಿ ಹೋದಳು.

ಓಟದ ದಿನ ಸಮುದ್ರದ ಗಾಳಿ ಹಲ್ಲು ಕಟಕಟಿಸುವಂತೆ ಬೀಸುತ್ತಿತ್ತು. ನಾನು ಕೊನೆಯ ಬದಲಿಯ ಜಾಗದಲ್ಲಿ, ಐದನೇ ಭಾಗದ ಮಾಓ ಎಂಬ ಹುಡುಗಿಯ ಜೊತೆ ನಿಂತಿದ್ದೆ. ಮೊದಲನೇ ಬದಲಿಯ ಹತ್ತಿರ ನಿಂತಿದ್ದ ರಿಂಕಾ ಫೋನು ಮಾಡಿದಳು.

"ಫುಮಿನೊ ಅಕ್ಕ ಬಂದ್ರು ಮೇಷ್ಟ್ರೇ. ಹತ್ತೊಂಬತ್ತು ಹನ್ನೊಂದು."

ನನಗೆ ನಂಬಿಕೆ ಬರಲಿಲ್ಲ. ತನ್ನದೇ ದಾಖಲೆಗಿಂತ ಇಪ್ಪತ್ತೇಳು ಸೆಕೆಂಡು ಕಡಿಮೆ. ಗೆದ್ದೆವು ಎಂದುಕೊಂಡು, ಸೇರ್ಯೋದವಳು ಎಷ್ಟು ಹಿಂದೆ ಎಂದು ಕೇಳಿದೆ.

"ಮೂವತ್ತೊಂಬತ್ತು ಸೆಕೆಂಡು."

ನನಗೆ ಅಲ್ಲೇ ಕುಳಿತುಬಿಡೋಣ ಎನಿಸಿತು. ಹತ್ತು ನಿಮಿಷದ ಲೆಕ್ಕ ಶುರುವಾಗುವುದು ಸೇರ್ಯೋದವರಿಂದ, ಹೋದ ವರ್ಷ ಈ ಅಂತರ ನಲವತ್ತೊಂದು ಇತ್ತು. ಆಗಿದ್ದು ಇಷ್ಟು. ಸೇರ್ಯೋದ ಹುಡುಗಿ ಇವಳ ಬೆನ್ನಿಗೆ ಅಂಟಿಕೊಂಡು, ಗಾಳಿಯನ್ನೆಲ್ಲ ಇವಳಿಗೇ ಬಿಟ್ಟು, ನಾಲ್ಕು ಕಿಲೋಮೀಟರ್ ಬಂದಿದ್ದಳು. ಇವಳು ಬಿರುಸಾದಷ್ಟೂ ಅವಳೂ ಬಿರುಸಾದಳು. ಕಡೆಯ ಎರಡು ಕಿಲೋಮೀಟರಿನಲ್ಲಷ್ಟೇ ಬಿಡಿಸಿಕೊಳ್ಳಲು ಆಯಿತು. ನಮ್ಮ ಹುಡುಗಿ ದಾಖಲೆಯನ್ನು ಪುಡಿಪುಡಿ ಮಾಡಿದಳು, ನಮ್ಮ ಪಟ್ಟಿಗೆ ಅದರಿಂದ ಬಂದ ಲಾಭ ಹೋದ ವರ್ಷಕ್ಕಿಂತ ಎರಡು ಸೆಕೆಂಡು ಕಡಿಮೆ. ಇಂಥ ಲೆಕ್ಕವನ್ನು ನಾನು ಯಾವ ಪರೀಕ್ಷೆಯಲ್ಲೂ ಕೊಟ್ಟಿಲ್ಲ.

ಆದರೂ ಎರಡನೇ, ಮೂರನೇ ಭಾಗದ ಹುಡುಗಿಯರು ಹೇಳಿದ ಸಮಯಕ್ಕೆ ಬಂದರು. ಸೇರ್ಯೋದವರು ನಮ್ಮ ಮುಂದೆ ದಾಟಿ ಒಂಬತ್ತು ನಿಮಿಷವಾಯಿತು. ಪಿಸ್ತೂಲು ಹಿಡಿದ ಮುದುಕರು ಮಾಓಳ ಹೆಗಲಿಗೆ ಕೆಂಪು ಬಿಳಿ ಪಟ್ಟಿ ಹಾಕಿ, ತಪ್ಪು ತಿಳಿಯಬೇಡಮ್ಮ ಎಂದರು. ಒಂಬತ್ತೂವರೆ. ಒಂಬತ್ತು ಐವತ್ತು. ಆಗ ಮಂಜುಗಡ್ಡೆ ಕಾರ್ಖಾನೆಯ ತಿರುವಿನಲ್ಲಿ ನಾನಾಯೊ ಕಾಣಿಸಿದಳು. ಪಟ್ಟಿಯನ್ನು ಆಗಲೇ ಹೆಗಲಿಂದ ತೆಗೆದು ಮುಷ್ಟಿಗೆ ಸುತ್ತಿ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದಳು. ಅಷ್ಟು ಬಿರುಸಾಗಿ ಅವಳು ಜನ್ಮದಲ್ಲಿ ಓಡಿರಲಿಲ್ಲ. ಮಾಓ ಅವಳ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಪಿಸ್ತೂಲು ಹಾರಿತು. ಮಾಓ ಹಿಂದೆ ನೋಡುತ್ತಾ ನೋಡುತ್ತಾ ಓಡಿದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಏಳು ಸೆಕೆಂಡು ಕಳೆದು ನಾನಾಯೊ ಯಾರೂ ಇಲ್ಲದ ಗೆರೆಗೆ ಬಂದು ನಿಂತಳು. ಚಾಚಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಆಮೇಲೆ, ಓಡಿ ಮುಗಿಸಿದವರು ಮಾಡುವಂತೆ, ಬಂದ ದಾರಿಗೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ಅದೇ ಹೊತ್ತಿಗೆ ಮೈಕಿನಲ್ಲಿ ಓತೊಹಾಮದ ತೊಗಾಶಿ ಫುಮಿನೊ ಹೊಸ ದಾಖಲೆ ಎಂದು ಸಾರುತ್ತಿದ್ದರು. ಆ ಮೈಕನ್ನು ಕಿತ್ತು ಸಮುದ್ರಕ್ಕೆ ಎಸೆಯಬೇಕು ಎನಿಸಿತು.

ನಾನು ಟವೆಲ್ಲು ಹೊದಿಸಲು ಹೋದಾಗ ನಾನಾಯೊ ಮೊದಲೇ ಅಲ್ಲಿಗೆ ಕಳಿಸಿದ್ದ ತನ್ನ ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟಳು. ನಾಲ್ಕನೇ ಭಾಗವನ್ನು ರಿಂಕಾಗೆ ಬಿಟ್ಟುಕೊಡುತ್ತೇನೆ ಎಂದು ಬರೆದಿತ್ತು. ತಾರೀಖು ಆ ಬುಧವಾರಕ್ಕಿಂತ ನಾಲ್ಕು ದಿನ ಹಿಂದಿನದು.

"ನೀವು ಕೇಳ್ತೀರ ಅಂತ ಕಾಯ್ತಾ ಇದ್ದೆ ಮೇಷ್ಟ್ರೇ," ಎಂದಳು. "ನೀವು ನನ್ನ ಹೆಸರೇ ಓದಿಬಿಟ್ರಿ. ಆಮೇಲೆ ಕೊಟ್ರೆ ನಿಮ್ಮ ಮಾತಿಗೆ ಎದುರಾಡ್ದಂಗಾಗ್ತಿತ್ತು."

ಅವಳು ನನಗಾಗಿ ಕಾದಿದ್ದಳು, ನಾನು ಅವಳಿಗಾಗಿ ಕಾದಿದ್ದೆ. ಮಧ್ಯದಲ್ಲಿ ಸತ್ತಿದ್ದು ಫುಮಿನೊಳ ಮೂರು ವರ್ಷ. ಅಷ್ಟರಲ್ಲಿ ಫುಮಿನೊಳೇ ಬಸ್ಸಿನಿಂದಿಳಿದು ಅಲ್ಲಿಗೆ ಬಂದಳು. ನಮ್ಮಿಬ್ಬರ ಮುಖ ನೋಡಿದಳು, ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಮಡಿಕೆ ಕೆಡದಂತೆ ಮತ್ತೆ ಮಡಿಸಿದಳು. ನಾನಾಯೊ ಅಳುತ್ತಾ ಕ್ಷಮೆ ಕೇಳತೊಡಗಿದಳು.

"ಅಳಬೇಡ ಕಣೆ," ಎಂದಳು ಫುಮಿನೊ. "ಆ ಏಳು ಸೆಕೆಂಡು ನಂದು. ಸೇರ್ಯೋದವಳನ್ನ ಇನ್ನೂ ಮೊದಲೇ ಬಿಡಿಸ್ಕೋಬೇಕಿತ್ತು."

ಪ್ರಾಂತದಲ್ಲಿ ಯಾರೂ ಓಡದಷ್ಟು ಬೇಗ ಓಡಿ ಬಂದ ಹುಡುಗಿ, ಇನ್ನೂ ಏಳು ಸೆಕೆಂಡು ಬೇಗ ಓಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅದು ನಿನ್ನದಲ್ಲಮ್ಮ, ನನ್ನದು ಎಂದು ಹೇಳಬೇಕಾದ ಜಾಗ ಅದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು, "ಕೋಟು ಹಾಕ್ಕೊಳ್ಳಮ್ಮ, ಶೀತ ಆಗುತ್ತೆ" ಎಂದೆ.

ಫುಮಿನೊ ಶಾಲೆ ಮುಗಿಸಿ ದೂರದ ಊರಿನ ಒಂದು ಕಂಪನಿಯ ಓಟದ ತಂಡ ಸೇರಿದಳು. ನಮ್ಮ ಶಾಲೆಗೆ ಅವಳ ಹೆಸರು ಕೇಳಿ ಮೂರು ಒಳ್ಳೆಯ ಹುಡುಗಿಯರು ಬಂದರು. ಮುಂದಿನ ವರ್ಷವೂ ಅದೇ ಬುಧವಾರ, ಅದೇ ಕೆಟಲ್ಲು. ಆ ಸಲ ನಿಧಾನದವಳು ಮೂರನೇ ವರ್ಷದ ಅಜುಸಾ. ಕಾಯಲಿಲ್ಲ, ಕೆಮ್ಮಲಿಲ್ಲ. ಎಲ್ಲರೆದುರಿಗೆ, "ಅಜುಸಾ, ನಿನ್ನನ್ನ ಓಡಿಸಲ್ಲ. ನೀನು ಓಡಿದ್ರೆ ಪಟ್ಟಿ ಮುಟ್ಟಲ್ಲ" ಎಂದೆ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮಾರನೇ ದಿನ ಅವಳ ತಾಯಿ ಬಂದು ಸ್ಟಾಫ್‌ರೂಮಿನಲ್ಲಿ ನನ್ನ ಮರ್ಯಾದೆ ತೆಗೆದರು. ಬಗ್ಗಿಸಿದ ತಲೆ ಎತ್ತದೆ ಕೇಳಿಸಿಕೊಂಡೆ, ಮಾತು ಮಾತ್ರ ಬದಲಿಸಲಿಲ್ಲ.

ಆ ವರ್ಷ ಓತೊಹಾಮದ ನೀಲಿ ಪಟ್ಟಿ ಕೊನೆಯ ಗೆರೆ ಮುಟ್ಟಿತು. ಕೊನೆಯಿಂದ ಎರಡನೇ ಸ್ಥಾನ. ಕೊನೆಯ ಬದಲಿ ದಾಟುವಾಗ ಪಿಸ್ತೂಲಿಗೆ ಹನ್ನೆರಡು ಸೆಕೆಂಡು ಬಾಕಿ ಇತ್ತು. ಹುಡುಗಿಯರು ಕುಣಿಯುತ್ತಿದ್ದರು. ನಾನು ಬಸ್ಸಿನ ಹಿಂದೆ ಹೋಗಿ ಫುಮಿನೊಳಿಗೆ ಫೋನು ಮಾಡಿ, ಪಟ್ಟಿ ಮುಟ್ಟಿತಮ್ಮ ಎಂದೆ.



"ಯಾರನ್ನ ಕೈಬಿಟ್ರಿ ಮೇಷ್ಟ್ರೇ?"

"ಅಜುಸಾನ."

"ಮೂರನೇ ವರ್ಷದವಳಲ್ವಾ ಅವಳು?"

"ಹೌದು."

"ಅವಳೇ ಬಿಟ್ಟುಕೊಟ್ಲಾ, ನೀವು ಹೇಳಿದ್ರಾ?"

ನಾನೇ ಹೇಳಿದೆ, ಎಲ್ಲರೆದುರಿಗೇ ಹೇಳಿದೆ ಎಂದೆ. ಅಷ್ಟು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

"ಹಾಗಾದ್ರೆ ಹೇಳೋಕೆ ಬರುತ್ತೆ ನಿಮಗೆ" ಎಂದಳು ಫುಮಿನೊ.

ಆಮೇಲೆ ಹುಡುಗಿಯರಿಗೆಲ್ಲ ಅಭಿನಂದನೆ ತಿಳಿಸಿ, ಗಾಳಿಯಲ್ಲಿ ಬಹಳ ಹೊತ್ತು ನಿಲ್ಲಬೇಡಿ ಎಂದು ಮರ್ಯಾದೆಯಿಂದ ಹೇಳಿ ಫೋನಿಟ್ಟಳು.